ರಟ್ಟೆಯ ಕೆಲಸಕ್ಕೆ ಮಣಿಕಟ್ಟಿನ ದಂಡ

ಒಂದು ಚೊಂಬು ನೀರನ್ನು ತಲೆಯ ಮೇಲೆ ಸುರಿದುಕೊಳ್ಳಲು ಎರಡು ಸೆಕೆಂಡು ಸಾಕು. ಅಷ್ಟರಲ್ಲಿ ತೋಳು ಭುಜದ ಮಟ್ಟ ದಾಟಿ ಮೇಲೇಳುತ್ತದೆ. ಬೆನ್ನಿನ ಮೇಲ್ಭಾಗದಲ್ಲಿರುವ ಹಲಗೆಮೂಳೆ ಪಕ್ಕೆಲುಬುಗಳ ಮೇಲೆ ಜಾರುತ್ತ ತಿರುಗುತ್ತದೆ. ಕಾಲರ್ ಬೋನ್ ಇದ್ದಲ್ಲೇ ಹಿಂದಕ್ಕೆ ಹೊರಳುತ್ತದೆ. ಮೊಣಕೈ ಮಡಚಿಕೊಳ್ಳುತ್ತದೆ, ಮುಂಗೈ ತಿರುಗಿ ಚೊಂಬು ಬಗ್ಗುತ್ತದೆ. ಇಷ್ಟೂ ಹೊತ್ತು ಬೆರಳುಗಳು ಚೊಂಬಿನ ಕಂಠ ಬಿಟ್ಟಿರುವುದಿಲ್ಲ. ಸ್ನಾನ ಮಾಡುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇವುಗಳಲ್ಲಿ ಒಂದು ಮುಷ್ಕರ ಹೂಡಿದಾಗ. ಭುಜ ಏಳದವರು ತಲೆಯನ್ನೇ ಬಗ್ಗಿಸಿ ಚೊಂಬಿನ ಕೆಳಗೆ ತರುತ್ತಾರೆ, ಸೊಂಟವನ್ನು ಒಂದು ಮಗ್ಗುಲಿಗೆ ವಾಲಿಸುತ್ತಾರೆ. ಸ್ನಾನವೇನೋ ಆಗುತ್ತದೆ. ಆದರೆ ಭುಜ ಮಾಡಬೇಕಿದ್ದ ಕೆಲಸವನ್ನು ಕತ್ತು, ಸೊಂಟ ಸೇರಿ ಮಾಡಿರುತ್ತವೆ.

ಮೈಯ ಕೀಲುಗಳ ನಡುವೆ ಹೀಗೊಂದು ಕೊಡು-ಕೊಳ್ಳುವಿಕೆ ದಿನವಿಡೀ ನಡೆಯುತ್ತದೆ. ಒಂದು ಕೀಲು ತನ್ನ ಪಾಲಿನಷ್ಟು ಆಡದಿದ್ದರೆ ಪಕ್ಕದ್ದು ಅದನ್ನು ತುಂಬಿಕೊಡುತ್ತದೆ. ತಿಂಗಳುಗಟ್ಟಲೆ ತುಂಬಿಕೊಟ್ಟು ಸುಸ್ತಾದ ಕೀಲು ಕೊನೆಗೆ ನೋಯತೊಡಗುತ್ತದೆ, ನಾವು ಅದಕ್ಕೇ ಮುಲಾಮು ಹಚ್ಚುತ್ತೇವೆ. ಹಚ್ಚಬಾರದೆಂದಲ್ಲ. ಹಚ್ಚುವ ಮೊದಲು ಆ ಕೈ ಯಾವ ಎತ್ತರದಲ್ಲಿ, ಮೈಯಿಂದ ಎಷ್ಟು ದೂರದಲ್ಲಿ, ಎಂಥ ಹಿಡಿತದಲ್ಲಿ ದುಡಿಯುತ್ತಿದೆ ಎಂದು ನೋಡಿದರೆ ಮುಲಾಮಿಗಿಂತ ಹೆಚ್ಚು ಪ್ರಯೋಜನ ಎನ್ನುವುದು ಈ ಲೇಖನದ ವಾದ.

ಚಮಚದ ಮೇಲಿನ ನಿಂಬೆಹಣ್ಣು

ತೊಡೆಯ ಮೂಳೆಯ ಗುಂಡು ಸೊಂಟದಲ್ಲಿ ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿದೆ. ಭುಜಕ್ಕೆ ಆ ಭಾಗ್ಯವಿಲ್ಲ. ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರಬೇಕಾದ ಗುಳಿ ಚಿಕ್ಕದು, ಆಳವೂ ಕಡಿಮೆ. ಯಾವ ಕ್ಷಣ ನೋಡಿದರೂ ಗುಂಡಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಗುಳಿಗೆ ತಾಗಿರುವುದಿಲ್ಲ. ಶಾಲೆಯ ಆಟದ ಮೈದಾನದಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡಿದವರಿಗೆ ಭುಜದ ಪಾಡು ಬೇಗ ಅರ್ಥವಾಗುತ್ತದೆ. ಹೀಗಿರುವುದರಿಂದಲೇ ಭುಜ ಎಲ್ಲ ದಿಕ್ಕಿಗೂ ತಿರುಗಬಲ್ಲದು, ಮೈಯ ಬೇರೆ ಯಾವ ಕೀಲಿಗೂ ಅಷ್ಟು ಸ್ವಾತಂತ್ರ್ಯವಿಲ್ಲ. ಹೀಗಿರುವುದರಿಂದಲೇ ಮೈಯಲ್ಲಿ ಅತಿ ಹೆಚ್ಚು ಸಲ ಕೀಲು ತಪ್ಪುವ ದೊಡ್ಡ ಕೀಲೂ ಭುಜವೇ.

ಗುಂಡು ಜಾರದಂತೆ ಕಾಯುವುದು ಹಲಗೆಮೂಳೆಯಿಂದ ಹೊರಟು ಗುಂಡನ್ನು ಸುತ್ತಿಕೊಳ್ಳುವ ನಾಲ್ಕು ಸ್ನಾಯುಗಳು. ವೈದ್ಯರು ಇವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಭುಜದ ಮೇಲಿನ ದಪ್ಪ ಡೆಲ್ಟಾಯ್ಡ್ ಸ್ನಾಯು ತೋಳನ್ನು ಎತ್ತುವಾಗ ಈ ನಾಲ್ಕೂ ಸೇರಿ ಗುಂಡನ್ನು ಗುಳಿಗೆ ಒತ್ತಿ ಹಿಡಿಯುತ್ತವೆ. ಅವು ಸೋತರೆ ಗುಂಡು ಮೇಲಕ್ಕೆ ಸರಿದು, ಅದರ ಮೇಲೆ ಚಾಚಿಕೊಂಡಿರುವ ಹಲಗೆಮೂಳೆಯ ಅಂಚಿಗೂ ಅದಕ್ಕೂ ನಡುವೆ ಸ್ನಾಯುರಜ್ಜು ಸಿಕ್ಕಿಕೊಳ್ಳುತ್ತದೆ. ಕೈಯನ್ನು ಪಕ್ಕದಿಂದ ಎತ್ತುತ್ತ ಹೋದಂತೆ ಸುಮಾರು 60 ಡಿಗ್ರಿಯಲ್ಲಿ ನೋವು ಶುರುವಾಗಿ, 120 ದಾಟಿದ ಮೇಲೆ ಮತ್ತೆ ಕಡಿಮೆಯಾಗುತ್ತದೆ ಎನ್ನುವವರಲ್ಲಿ ವೈದ್ಯರು ಮೊದಲು ಅನುಮಾನಿಸುವುದು ಈ ರಜ್ಜುವನ್ನೇ.

ಹಲಗೆಮೂಳೆಯ ಪಾತ್ರವನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೋಳನ್ನು ಪಕ್ಕದಿಂದ ಎತ್ತಿ ಕಿವಿಯ ಬಳಿಗೆ ತಂದರೆ ಒಟ್ಟು 180 ಡಿಗ್ರಿ. ಅದರಲ್ಲಿ ಗುಂಡು-ಗುಳಿಯ ಕೀಲು ಕೊಡುವುದು ಸುಮಾರು 120 ಮಾತ್ರ. ಉಳಿದ 60 ಹಲಗೆಮೂಳೆ ತಿರುಗಿ ಕೊಡುವ ಕಾಣಿಕೆ. 1944ರಲ್ಲಿ ಅಮೆರಿಕದ ಇನ್‌ಮನ್, ಸಾಂಡರ್ಸ್, ಅಬಟ್ ಎಂಬ ಮೂವರು ಪ್ರಕಟಿಸಿದ ಅಧ್ಯಯನದಿಂದ ಈ ಎರಡಕ್ಕೊಂದರ ಲೆಕ್ಕ ಪ್ರಚಾರಕ್ಕೆ ಬಂತು. ಪ್ರತಿಯೊಬ್ಬರಲ್ಲೂ, ಪ್ರತಿ ಕೋನದಲ್ಲೂ ಅದು ಹಾಗೇ ಇರುವುದಿಲ್ಲವೆಂದು ಆಮೇಲಿನವರು ತೋರಿಸಿದ್ದಾರೆ. ಆದರೂ ಸ್ಥೂಲವಾಗಿ ಈ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ.

ಈಗ ಓದುತ್ತಿರುವಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಕುರ್ಚಿಯಲ್ಲಿ ಬೆನ್ನು ಗೂನು ಮಾಡಿ, ಗಲ್ಲ ಮುಂದಕ್ಕೆ ಚಾಚಿ ಕುಳಿತುಕೊಂಡು ಒಂದು ಕೈಯನ್ನು ಆದಷ್ಟು ಮೇಲೆತ್ತಿ. ಎಲ್ಲಿ ನಿಂತಿತೆಂದು ಗುರುತಿಟ್ಟುಕೊಳ್ಳಿ. ಬಳಿಕ ಎದೆ ಎತ್ತಿ ನೆಟ್ಟಗೆ ಕುಳಿತು ಅದೇ ಕೈ ಎತ್ತಿ. ಒಂದು ಗೇಣಾದರೂ ಹೆಚ್ಚು ಮೇಲಕ್ಕೆ ಹೋಗುತ್ತದೆ. ಬೆನ್ನು ಬಾಗಿದಾಗ ಹಲಗೆಮೂಳೆ ಮುಂದಕ್ಕೆ ಜಾರಿ ವಾಲುತ್ತದೆ. ತಿರುಗಬೇಕಾದ ದಾರಿಯಲ್ಲಿ ಅದು ತಿರುಗುವುದಿಲ್ಲ. ಅಟ್ಟದ ಡಬ್ಬಿಗೆ ಕೈ ಎಟುಕುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಬೆನ್ನಿನಲ್ಲಿರುತ್ತದೆ.

ಇನ್ನೊಂದು ಪರೀಕ್ಷೆ. ಹೆಬ್ಬೆರಳು ನೆಲ ನೋಡುವಂತೆ ಕೈ ತಿರುಗಿಸಿಕೊಂಡು ಪಕ್ಕದಿಂದ ಎತ್ತಿ. ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಬಿಗಿಯಾಗುತ್ತದೆ. ಹೆಬ್ಬೆರಳು ಆಕಾಶ ನೋಡುವಂತೆ ತಿರುಗಿಸಿ ಎತ್ತಿದರೆ ಸಲೀಸಾಗಿ ಏಳುತ್ತದೆ. ತೋಳು ಹೊರಕ್ಕೆ ತಿರುಗಿದಾಗ ಗುಂಡಿನ ಮೇಲಿರುವ ಮೂಳೆಯ ಉಬ್ಬು ಮೇಲಿನ ಅಂಚಿಗೆ ತಾಗದೆ ಹಿಂದಕ್ಕೆ ಸರಿಯುವುದು ಇದಕ್ಕೆ ಕಾರಣ. ಮೇಲಿನ ಶೆಲ್ಫಿನಿಂದ ಅಕ್ಕಿ ಡಬ್ಬಿ ಇಳಿಸುವಾಗ ಮುಚ್ಚಳದ ಮೇಲೆ ಅಂಗೈ ಹಾಕಿ ಎಳೆಯದೆ, ಅಂಗೈಗಳು ಒಂದನ್ನೊಂದು ನೋಡುವಂತೆ ಎರಡೂ ಮಗ್ಗುಲು ಹಿಡಿಯಿರಿ. ಸಾಧ್ಯವಾದರೆ ಒಂದು ಮಣೆಯ ಮೇಲೆ ನಿಂತು ಇಳಿಸಿ.

ಮಣೆ ಯಾಕೆಂದರೆ, ಖಾಲಿ ಕೈಗೂ ತೂಕವಿದೆ. ಒಂದು ತೋಳು, ಮುಂಗೈ, ಹಸ್ತ ಸೇರಿ ಮೈತೂಕದ ಸುಮಾರು ಶೇ. 5. ಅರವತ್ತು ಕಿಲೋ ಇರುವವರ ಕೈ ಮೂರು ಕಿಲೋ ತೂಗುತ್ತದೆ. ಅದನ್ನು ಪಕ್ಕಕ್ಕೆ ನೀಡಿ ಭುಜದ ಮಟ್ಟದಲ್ಲಿ ಹಿಡಿದರೆ ಕೀಲಿನೊಳಗೆ ಬೀಳುವ ಒತ್ತಡ ಮೈತೂಕದ ಹತ್ತಿರಹತ್ತಿರ ಶೇ. 90 ಎಂದು 1978ರಲ್ಲಿ ಪಾಪೆನ್ ಮತ್ತು ವಾಕರ್ ಲೆಕ್ಕ ಹಾಕಿ ತೋರಿಸಿದರು. ಅಂದರೆ ಬರಿಗೈಯಲ್ಲಿ ಐವತ್ತು ಕಿಲೋ ಮೀರಿದ ಒತ್ತಡ! ಮೊಣಕೈ ಮಡಚಿ ಕೆಲಸವನ್ನು ಮೈಯ ಹತ್ತಿರ ತಂದ ಕೂಡಲೇ ಇದು ಇಳಿಯುತ್ತದೆ. ಹಬ್ಬದ ಮುಂಚೆ ಜೇಡರ ಬಲೆ ಹೊಡೆಯುವವರು, ಫ್ಯಾನ್ ಒರೆಸುವವರು, ಗೋಡೆಗೆ ಬಣ್ಣ ಬಳಿಯುವವರು ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ ಒದ್ದಾಡುವುದು ಇದರಿಂದಲೇ. ಬಟ್ಟೆ ಒಣಹಾಕುವ ತಂತಿಯನ್ನು ಕಣ್ಣಿನ ಮಟ್ಟಕ್ಕೆ ಇಳಿಸುವುದು ಒಂದು ಮೊಳೆಯ ಕೆಲಸ. ಎಷ್ಟು ಮನೆಗಳಲ್ಲಿ ಅದು ಇನ್ನೂ ಮನೆಯ ಅತಿ ಎತ್ತರದ ಗಂಡಸಿನ ಲೆಕ್ಕದಲ್ಲಿದೆ ನೋಡಿ.

ಕೆಲವು ಕೆಲಸಗಳನ್ನು ಕೆಳಗಿಳಿಸಲು ಬರುವುದಿಲ್ಲ. ಅಡಿಕೆ ತೋಟದಲ್ಲಿ ದೋಟಿ ಹಿಡಿದವರು ಕತ್ತು ಹಿಂದಕ್ಕೆ ಚೆಲ್ಲಿ, ಎರಡೂ ಕೈ ಮೇಲಿಟ್ಟುಕೊಂಡೇ ಗೊನೆ ಕೊಯ್ಯಬೇಕು. ಈಚೆಗೆ ಮಲೆನಾಡು, ಕರಾವಳಿಯಲ್ಲಿ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ. ಅದು ಮರ ಹತ್ತುವ ಅಪಾಯವನ್ನು ತಪ್ಪಿಸಿತು, ಆದರೆ ಭುಜ-ಕತ್ತುಗಳಿಗೆ ಹೊಸ ಬಗೆಯ ದುಡಿಮೆ ತಂದಿತು. ಅಲ್ಲಿ ಉಳಿಯುವ ಉಪಾಯ ಆಳು ಬದಲಿಸುವುದು. ಒಬ್ಬರೇ ಬೆಳಗಿನಿಂದ ಸಂಜೆಯವರೆಗೆ ದೋಟಿ ಹಿಡಿಯದೆ, ಮರಮರಕ್ಕೂ ನಡುವೆ ಕೈ ಇಳಿಬಿಟ್ಟು ಒಂದಿಷ್ಟು ತೂಗಾಡಿಸಿದರೂ ಸ್ನಾಯುಗಳಿಗೆ ರಕ್ತ ಹರಿಯುತ್ತದೆ.

ಸಿಟಿ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವವರಿಗೂ ಒಂದು ಮಾತು. ಕೈ ನಿಮ್ಮ ಮುಂದೆ ಇರಲಿ, ಮೊಣಕೈ ಸ್ವಲ್ಪ ಮಡಚಿರಲಿ. ಕೈ ಮೇಲೆದ್ದು ಹಿಂದಕ್ಕೆ ಹೊರಳಿರುವಾಗ ಡ್ರೈವರ್ ಬ್ರೇಕ್ ಹಾಕಿದರೆ ಗುಂಡು ಮುಂದಕ್ಕೆ ಜಾರಲು ಬೇಕಾದ ಭಂಗಿ ಸಿದ್ಧವಾಗಿರುತ್ತದೆ. ಹಿಂದೊಮ್ಮೆ ಭುಜ ತಪ್ಪಿದ್ದವರು ಸೀಟಿನ ಹಿಡಿ ಹಿಡಿಯುವುದೇ ಕ್ಷೇಮ.

ಬೆನ್ನ ಹಿಂದಿನ ಕೈ

ಹಿಂದೆ ಹುಕ್ ಇರುವ ರವಿಕೆ ಹಾಕುವುದು, ಬೆನ್ನು ಉಜ್ಜಿಕೊಳ್ಳುವುದು, ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸ್ ತೆಗೆಯುವುದು, ಬೆಲ್ಟನ್ನು ಹಿಂದಿನ ಪಟ್ಟಿಗಳಲ್ಲಿ ತೂರಿಸುವುದು: ಇವೆಲ್ಲಕ್ಕೂ ತೋಳು ಹಿಂದಕ್ಕೂ ಹೋಗಬೇಕು, ಒಳಕ್ಕೂ ತಿರುಗಬೇಕು. ಜಡೆ ಹಾಕಲು, ತಲೆ ಬಾಚಲು, ತಾಳಿಸರ ಹಿಂದಿನಿಂದ ಸಿಕ್ಕಿಸಲು ತೋಳು ಮೇಲೆದ್ದು ಹೊರಕ್ಕೆ ತಿರುಗಬೇಕು. ಈ ಎರಡೂ ಬಗೆ ಒಟ್ಟಿಗೆ ಕಷ್ಟವಾಗುತ್ತ ಬಂದರೆ, ವಯಸ್ಸು ನಲವತ್ತರಿಂದ ಅರವತ್ತರ ನಡುವೆ ಇದ್ದರೆ, ಫ್ರೋಜನ್ ಶೋಲ್ಡರ್ ಇರಬಹುದೇ ಎಂದು ಯೋಚಿಸಬೇಕು. ಕೀಲನ್ನು ಸುತ್ತುವರಿದ ಚೀಲ ಊದಿಕೊಂಡು, ದಪ್ಪವಾಗಿ, ಕುಗ್ಗುವ ಕಾಯಿಲೆ ಇದು. ಈ ಹೆಸರಿಟ್ಟವರು ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್, 1934ರಲ್ಲಿ. ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆ. ಹಾಗಾಗಿ ಇದು ನಮ್ಮಲ್ಲಿ ಅಪರೂಪದ್ದಲ್ಲ. ಭುಜ ಕಾರಣವಿಲ್ಲದೆ ಬಿಗಿಯುತ್ತಿದ್ದರೆ ಒಮ್ಮೆ ರಕ್ತದ ಸಕ್ಕರೆ ನೋಡಿಸಿಕೊಳ್ಳುವುದು ಒಳ್ಳೆಯದು.

ಮನೆಯಲ್ಲೇ ಒಂದು ಮಟ್ಟಿಗೆ ಗುರುತಿಸಬಹುದು. ಮೊಣಕೈಯನ್ನು ಸೊಂಟಕ್ಕೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಿ. ಎರಡೂ ಕೈ ಹೋಲಿಸಿ. ಈಗ ಮನೆಯವರೊಬ್ಬರು ನಿಧಾನವಾಗಿ ತಿರುಗಿಸಿ ನೋಡಲಿ. ಅವರು ತಿರುಗಿಸಿದರೂ ಹೋಗದಿದ್ದರೆ ಬಿಗಿತ ಕೀಲಿನ ಚೀಲದಲ್ಲೋ ಕೀಲಿನಲ್ಲೋ ಇದೆ. ಅವರು ತಿರುಗಿಸಿದರೆ ಸಲೀಸು, ನೀವಾಗಿ ತಿರುಗಿಸಲು ಬಲವಿಲ್ಲ ಎಂದಾದರೆ ಸ್ನಾಯುರಜ್ಜು ಹರಿದಿರಬಹುದು ಅಥವಾ ನರದ ತೊಂದರೆ ಇರಬಹುದು. ವೈದ್ಯರಿಗೆ ಈ ಒಂದು ವಿವರ ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಬಿಗಿದ ಭುಜವನ್ನು ಎಣ್ಣೆ ತಿಕ್ಕಿ ಜೋರಾಗಿ ಎಳೆದು ಬಿಡಿಸುವವರು ಪ್ರತಿ ಊರಿನಲ್ಲೂ ಇದ್ದಾರೆ. ಎಣ್ಣೆಗೆ ನನ್ನ ತಕರಾರಿಲ್ಲ, ಎಳೆಯುವುದಕ್ಕಿದೆ. ನೋವು ಉರಿಯುತ್ತಿರುವ ಮೊದಲ ಹಂತದಲ್ಲಿ ಬಲವಂತ ಮಾಡಿದರೆ ಊತ ಹೆಚ್ಚುತ್ತದೆ. ವಯಸ್ಸಾಗಿ ಮೂಳೆ ಸವೆದವರಲ್ಲಿ ಮೂಳೆಯೇ ಮುರಿಯಬಹುದು. ಆ ಹಂತದಲ್ಲಿ ಸಾಕಾಗುವುದು ಇಷ್ಟು: ಒಳ್ಳೆಯ ಕೈಯನ್ನು ಮೇಜಿಗೂರಿ, ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಇಳಿಬಿಟ್ಟು ಲೋಲಕದಂತೆ ಸಣ್ಣಗೆ ಹಿಂದೆಮುಂದೆ, ಸುತ್ತಲೂ ತೂಗಾಡಿಸುವುದು. ಕೈ ತಾನಾಗಿ ಆಡಬೇಕು, ಆಡಿಸುವುದು ಮೈ. ಉಳಿದದ್ದು ಫಿಸಿಯೋಥೆರಪಿಸ್ಟ್ ಹಂತಹಂತವಾಗಿ ಹೇಳಿಕೊಡಲಿ. ಕಾಯಿಲೆ ಇಳಿಯಲು ಒಂದರಿಂದ ಮೂರು ವರ್ಷ ಹಿಡಿಯಬಹುದು ಎಂದು ಮೊದಲೇ ಗೊತ್ತಿದ್ದರೆ ವೈದ್ಯರಿಂದ ವೈದ್ಯರಿಗೆ ಅಲೆಯುವುದು ತಪ್ಪುತ್ತದೆ. ಅಲ್ಲಿಯವರೆಗೆ ಅಂಗಿ ತೊಡುವಾಗ ನೋಯುವ ಕೈಯನ್ನು ಮೊದಲು ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಿರಿ. ರವಿಕೆಗೆ ಮುಂದೆ ಹುಕ್ ಇಡಿಸಿ.

ತೀರ್ಥ ಹಿಡಿಯುವ ಅಂಗೈ

ಮೊಣಕೈ ಮಡಚುವ ಕೀಲೊಂದೇ ಅಲ್ಲ, ಮುಂಗೈ ಹೊರಳಿಸುವ ಕೀಲೂ ಅಲ್ಲಿಯೇ ಇದೆ. ಅಂಗೈ ಮೇಲೆ ಮಾಡಿದಾಗ ಮುಂಗೈಯ ಎರಡು ಮೂಳೆ ಅಕ್ಕಪಕ್ಕ ಇರುತ್ತವೆ. ಅಂಗೈ ಕೆಳಗೆ ಮಾಡಿದಾಗ ಹೆಬ್ಬೆರಳಿನ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡ ಬೀಳುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಮೋರೆ ಮತ್ತು ಸಂಗಡಿಗರು 33 ಆರೋಗ್ಯವಂತರಿಂದ 15 ದಿನನಿತ್ಯದ ಕೆಲಸ ಮಾಡಿಸಿ ಅಳೆದರು. 1981ರ ಆ ವರದಿಯ ಪ್ರಕಾರ ಮೊಣಕೈ 30ರಿಂದ 130 ಡಿಗ್ರಿವರೆಗೆ ಮಡಚಿದರೆ, ಮುಂಗೈ ಎರಡೂ ಕಡೆಗೆ 50 ಡಿಗ್ರಿ ಹೊರಳಿದರೆ ಬದುಕಿನ ಬಹುಪಾಲು ಕೆಲಸ ನಡೆಯುತ್ತದೆ. ಆಗ ಮೊಬೈಲ್ ಫೋನ್ ಇರಲಿಲ್ಲ. ಫೋನನ್ನು ಕಿವಿಗೆ ಹಿಡಿಯಲು 140ರ ಆಸುಪಾಸು ಮಡಚಬೇಕು ಎಂದು ಈಚಿನ ಅಳತೆಗಳು ಹೇಳುತ್ತವೆ.

ಪೆಟ್ಟಾಗಿ ಪ್ಲಾಸ್ಟರ್ ಬಿಚ್ಚಿಸಿಕೊಂಡವರಿಗೆ ಈ ಅಂಕಿ ಸಮಾಧಾನ ಕೊಡುತ್ತದೆ. ಮೊಣಕೈ ಪೂರ್ತಿ ನೆಟ್ಟಗಾಗದಿದ್ದರೂ ಊಟ, ಸ್ನಾನ, ಬಟ್ಟೆ ಎಲ್ಲ ಸಾಗುತ್ತದೆ. ಮುಂಗೈ ಹೊರಳುವುದರಲ್ಲಿ ಮಾತ್ರ ಪಕ್ಷಪಾತವಿದೆ. ಅಂಗೈ ಕೆಳಗೆ ಮಾಡಲು ಬಾರದವರು ಮೊಣಕೈಯನ್ನು ಪಕ್ಕಕ್ಕೆ ಎತ್ತಿ ಭುಜದಿಂದ ಅದನ್ನು ಸರಿದೂಗಿಸುತ್ತಾರೆ. ಅಂಗೈ ಮೇಲೆ ಮಾಡಲು ಬಾರದವರಿಗೆ ಅಂಥ ಉಪಾಯ ಸುಲಭವಾಗಿ ಸಿಗುವುದಿಲ್ಲ. ತೀರ್ಥ ಹಿಡಿಯುವುದು, ಕಂಡಕ್ಟರ್ ಕೊಟ್ಟ ಚಿಲ್ಲರೆ ತೆಗೆದುಕೊಳ್ಳುವುದು, ಬೊಗಸೆಯಲ್ಲಿ ನೀರು ತುಂಬಿ ಮುಖ ತೊಳೆಯುವುದು, ಕಲಸಿದ ಅನ್ನದ ತುತ್ತನ್ನು ಬಾಯಿಗೆ ಹೊರಳಿಸುವುದು ಎಲ್ಲ ನಿಲ್ಲುತ್ತದೆ. ಕೈಯಲ್ಲಿ ಉಣ್ಣುವ ನಮಗೆ ಈ ಚಲನೆ ಬೇಗ ಮರಳಬೇಕು, ವ್ಯಾಯಾಮದ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಭಾರ ಎತ್ತುವ ಲೆಕ್ಕ ಸರಳ. ರಟ್ಟೆಯ ಮುಂದಿನ ಬೈಸೆಪ್ಸ್ ಸ್ನಾಯು ಮೊಣಕೈ ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ಮುಂದೆ ಅಂಟಿಕೊಂಡಿದೆ, ಅಂಗೈಯಲ್ಲಿರುವ ಭಾರ 30-35 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮೊಣಕೈ ಮಡಚಿ ಒಂದು ಕಿಲೋ ಹಿಡಿದರೆ ಸ್ನಾಯು ಏಳೆಂಟು ಕಿಲೋದಷ್ಟು ಜಗ್ಗಬೇಕು. ತುಂಬಿದ ಕುಕ್ಕರನ್ನು ಹಿಂದಿನ ಒಲೆಯಿಂದ ಕೈ ಚಾಚಿ ಎತ್ತಿದರೆ ಇದಕ್ಕೆ ಭುಜದ ಪಾಡೂ ಸೇರುತ್ತದೆ. ಮೊದಲು ಮುಂದಕ್ಕೆ ಎಳೆದುಕೊಂಡು, ಹೊಟ್ಟೆಯ ಹತ್ತಿರ ತಂದು, ಆಮೇಲೆ ಎತ್ತಬೇಕು. ನಮ್ಮ ಹೆಂಗಸರು ಕೊಡವನ್ನು ಸೊಂಟದ ಮೇಲೆ ಹೊತ್ತದ್ದರಲ್ಲಿ ಈ ಲೆಕ್ಕ ಅಡಗಿದೆ: ಹದಿನೈದು ಲೀಟರ್ ನೀರಿನ ಭಾರ ನೇರ ಸೊಂಟದ ಎಲುಬಿಗೆ ಇಳಿಯುತ್ತದೆ, ತೋಳಿನ ಕೆಲಸ ಕೊಡದ ಕೊರಳನ್ನು ಬಳಸಿ ಹಿಡಿದಿರುವುದಷ್ಟೇ. ಪ್ರತಿ ಸಲವೂ ಒಂದೇ ಮಗ್ಗುಲಿಗೆ ಹೊರುವುದು ಅದರ ದೋಷ.

ಬೈಸೆಪ್ಸ್ ಮಡಚುವುದರ ಜೊತೆಗೆ ಅಂಗೈಯನ್ನು ಮೇಲ್ಮುಖ ಹೊರಳಿಸುವ ಬಲಶಾಲಿ ಸ್ನಾಯುವೂ ಹೌದು. ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುವುದು ಇದೇ ಚಲನೆ. ಮೊಣಕೈ 90 ಡಿಗ್ರಿ ಮಡಚಿರುವಾಗ ಅದರ ಬಲ ಚೆನ್ನಾಗಿ ಸಿಗುತ್ತದೆ, ಆದ್ದರಿಂದ ಸ್ಕ್ರೂ ಎಲ್ಲಿದೆಯೋ ಅಲ್ಲಿಗೆ ಮೈ ಕೊಂಡೊಯ್ಯಿರಿ, ಕೈ ಚಾಚಿ ತಿರುಗಿಸಬೇಡಿ.

ರ‍್ಯಾಕೆಟ್ ಮುಟ್ಟದವರಿಗೆ ಟೆನ್ನಿಸ್ ಎಲ್ಬೋ ಯಾಕೆ ಬರುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಹತ್ತಿರದಲ್ಲಿದೆ. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟನ್ನೂ ಒಳಕ್ಕೆ ಎಳೆಯುತ್ತವೆ. ಅದು ಬಗ್ಗದಂತೆ ಹಿಂದಿನಿಂದ ಹಿಡಿದಿಡುವ ಸ್ನಾಯುಗಳು ಹೊರಡುವುದು ಮೊಣಕೈಯ ಹೊರಗಿನ ಗಂಟಿನಿಂದ. ಬಟ್ಟೆ ಹಿಂಡುವಾಗ, ಇಕ್ಕಳದಲ್ಲಿ ಭಾರದ ಪಾತ್ರೆ ಇಳಿಸುವಾಗ, ಅಂಗೈ ಕೆಳಮುಖವಾಗಿ ಬಕೆಟ್ ಎಳೆಯುವಾಗ ಆ ಗಂಟಿನ ಬಳಿ ರಜ್ಜು ಜಗ್ಗಿಸಿಕೊಳ್ಳುತ್ತದೆ. ನೋಯುವುದು ಮೊಣಕೈ, ತಪ್ಪಿರುವುದು ಹಿಡಿತದಲ್ಲಿ. ದಪ್ಪ ಬಟ್ಟೆಯನ್ನು ಎರಡು ಕೈಯಲ್ಲಿ ವಿರುದ್ಧ ದಿಕ್ಕಿಗೆ ತಿರುವುವ ಬದಲು ನಲ್ಲಿಗೆ ಸುತ್ತುಹಾಕಿ ಎರಡು ತುದಿಯನ್ನೂ ಒಟ್ಟಿಗೆ ತಿರುಚಿ. ಇಕ್ಕಳವನ್ನು ಹಗುರ ಪಾತ್ರೆಗೆ ಇಟ್ಟುಕೊಂಡು ದೊಡ್ಡ ಪಾತ್ರೆಯನ್ನು ಮಸಿಬಟ್ಟೆಯಿಂದ ಎರಡೂ ಕೈಯಲ್ಲಿ ಇಳಿಸಿ. ಸಾಧ್ಯವಾದಲ್ಲೆಲ್ಲ ಅಂಗೈ ಮೇಲ್ಮುಖವಾಗಿ ಎತ್ತಿ.

ಮುದ್ದೆ, ಈಳಿಗೆ, ಒಲೆಕಟ್ಟೆ

ಮುಷ್ಟಿ ಬಿಗಿದು ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ ನೋಡಿ. ಬಿಗಿ ತಾನಾಗಿ ಸಡಿಲುತ್ತದೆ, ಹಿಡಿದ ಪೆನ್ಸಿಲನ್ನು ಮಗುವೂ ಕಿತ್ತುಕೊಳ್ಳಬಹುದು. ಬೆರಳುಗಳನ್ನು ಬಲವಾಗಿ ಮಡಚುವ ಸ್ನಾಯುಗಳು ಮುಂಗೈಯಲ್ಲಿವೆ, ಉದ್ದದ ರಜ್ಜುಗಳು ಮಣಿಕಟ್ಟನ್ನು ದಾಟಿ ಬರುತ್ತವೆ. ಮಣಿಕಟ್ಟು ಹಿಂದಕ್ಕೆ ಇಪ್ಪತ್ತು ಮೂವತ್ತು ಡಿಗ್ರಿ ಬಾಗಿರುವಾಗ ಹಿಡಿತ ಗಟ್ಟಿ. ಹಾಗಾದರೆ ಅಡುಗೆಮನೆಯಲ್ಲಿ ಮಣಿಕಟ್ಟು ಆ ಭಂಗಿಯಲ್ಲಿರುವಂತೆ ನೋಡಿಕೊಳ್ಳುವವರು ಯಾರು? ಒಲೆಕಟ್ಟೆಯ ಎತ್ತರ.

ಕೆಲಸದ ಎತ್ತರಕ್ಕೆ ದಕ್ಷತಾ ವಿಜ್ಞಾನದವರು ಕೊಡುವ ಸೂತ್ರ ಹೀಗಿದೆ: ತರಕಾರಿ ಹೆಚ್ಚುವಂಥ ಹಗುರ ಕೆಲಸಕ್ಕೆ ನಿಂತಾಗಿನ ಮೊಣಕೈಗಿಂತ 10-15 ಸೆಂಟಿಮೀಟರ್ ಕೆಳಗೆ, ಒತ್ತಿ ನಾದುವಂಥ ಭಾರದ ಕೆಲಸಕ್ಕೆ ಇನ್ನೂ ಕೆಳಗೆ, 15ರಿಂದ 40ರವರೆಗೆ. ಐದಡಿ ಎತ್ತರದ ಹೆಂಗಸಿನ ಮೊಣಕೈ ನೆಲದಿಂದ ಸುಮಾರು 95 ಸೆಂಟಿಮೀಟರ್ ಮೇಲಿರುತ್ತದೆ. ಹೆಚ್ಚಲು 80-85 ಸರಿ. ಹಿಟ್ಟು ನಾದಲು, ಚಪಾತಿ ಲಟ್ಟಿಸಲು 70-75 ಬೇಕು. 85ರ ಕಟ್ಟೆಯ ಮೇಲೆ ಒಲೆ ಇಟ್ಟು, ಒಲೆಯ ಮೇಲೆ ಪಾತ್ರೆ ಇಟ್ಟರೆ ಪಾತ್ರೆಯ ಬಾಯಿ ಎದೆಯ ಮಟ್ಟಕ್ಕೆ ಬರುತ್ತದೆ. ಆಗ ಮೊಣಕೈ ಪಕ್ಕಕ್ಕೆ ಹಾರುತ್ತದೆ, ಭುಜ ಕಿವಿಯ ಕಡೆಗೆ ಏರುತ್ತದೆ, ಅದೇ ಕಟ್ಟೆಯಲ್ಲಿ ಲಟ್ಟಿಸಿದರೆ ಲಟ್ಟಣಿಗೆಯ ಮೇಲಿರುವ ಮಣಿಕಟ್ಟು ಕಿರುಬೆರಳಿನ ಕಡೆಗೆ ಮುರಿದಂತೆ ಬಾಗುತ್ತದೆ. ರಟ್ಟೆ ಮತ್ತು ಎದೆಯ ಭಾರದಿಂದ ಒತ್ತಬೇಕಾದ ಕೆಲಸಕ್ಕೆ ಮಣಿಕಟ್ಟು ದಂಡ ತೆರುತ್ತದೆ. ಮನೆ ಕಟ್ಟಿಸುವಾಗ ಹಾಲಿನ ನೆಲಹಾಸಿಗೆ ನಾಲ್ಕು ಅಂಗಡಿ ಸುತ್ತುತ್ತೇವೆ, ಅಡುಗೆ ಮಾಡುವವರನ್ನು ನಿಲ್ಲಿಸಿ ಮೊಣಕೈ ಅಳೆದು ಕಟ್ಟೆ ಹಾಕಿಸಿದವರನ್ನು ನಾನು ಕಂಡದ್ದು ಕಡಿಮೆ. ಕಟ್ಟೆ ಒಡೆಯಬೇಕಿಲ್ಲ. ಅಗಲವಾದ, ಅಲುಗದ, ನಾಲ್ಕಾರು ಇಂಚಿನ ಮಣೆಯೊಂದನ್ನು ಒಲೆಯ ಮುಂದೆ ಇಟ್ಟು ನಿಲ್ಲಬಹುದು. ಚಪಾತಿಯನ್ನು ಊಟದ ಮೇಜಿನ ಮೇಲೆ ಲಟ್ಟಿಸಬಹುದು, ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರ್ ಇರುತ್ತದೆ.

ಮುದ್ದೆ ತಿರುವುವುದಕ್ಕಂತೂ ನಿಂತ ಒಲೆಕಟ್ಟೆ ಹೇಳಿ ಮಾಡಿಸಿದ ಶತ್ರು. ನಾಲ್ಕು ಜನಕ್ಕಾಗುವಷ್ಟು ರಾಗಿಹಿಟ್ಟು ಬೆಂದು ಗಟ್ಟಿಯಾಗುವಾಗ ಕೋಲಿಗೆ ಬೀಳುವ ಬಲ ಸಣ್ಣದಲ್ಲ. ಮಂಡ್ಯ, ತುಮಕೂರು, ಕೋಲಾರದ ಕಡೆ ಹಳಬರು ಪಾತ್ರೆಯನ್ನು ನೆಲಕ್ಕಿಳಿಸಿ, ಅಲುಗದಂತೆ ಕಾಲಿನಿಂದಲೋ ಕವೆಗೋಲಿನಿಂದಲೋ ಒತ್ತಿ ಹಿಡಿದು, ಕೋಲನ್ನು ನೆಟ್ಟಗೆ ಹಿಡಿದು ಮೇಲಿನಿಂದ ಒತ್ತುತ್ತ ತಿರುವುತ್ತಿದ್ದರು. ಮಣಿಕಟ್ಟು ನೇರ, ಮೊಣಕೈ ಮೈಗೆ ಹತ್ತಿರ, ಬಲವೆಲ್ಲ ಭುಜ ಮತ್ತು ಸೊಂಟದಿಂದ. ಗ್ಯಾಸ್ ಒಲೆಯ ಮೇಲೇ ತಿರುವುವ ಅವಸರ ಬಿಟ್ಟು ಪಾತ್ರೆ ಇಳಿಸಿಕೊಳ್ಳಿ. ಕೂರಲು ಮಂಡಿ ಒಪ್ಪದಿದ್ದರೆ ತಗ್ಗಿನ, ಗಟ್ಟಿಯಾದ ಸ್ಟೂಲಿನ ಮೇಲಿಡಿ. ಜೋಳದ ರೊಟ್ಟಿ ಬಡಿಯುವವರು ನೆಲದಲ್ಲಿ ಕೂತೇ ಬಡಿಯುವುದರಲ್ಲಿಯೂ ಇದೇ ಲಾಭವಿದೆ, ಏಟು ಮೊಣಕೈಯಿಂದ ಬೀಳುತ್ತದೆ, ಮಣಿಕಟ್ಟು ಸುಮ್ಮನೆ ಜೊತೆಗಿರುತ್ತದೆ.

ಈಳಿಗೆಮಣೆಯ ಬಗ್ಗೆ ನನ್ನದು ಅರ್ಧ ಒಲವು. ಚಾಕು ಹಿಡಿದಾಗ ಒಂದು ಕೈ ಅಲಗನ್ನೂ ಇನ್ನೊಂದು ಕೈ ತರಕಾರಿಯನ್ನೂ ಹಿಡಿದು ಒತ್ತಬೇಕು. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಎರಡೂ ಕೈ ಸೇರಿ ತರಕಾರಿಯನ್ನು ಅದಕ್ಕೆ ನೂಕುತ್ತವೆ. ಕುಂಬಳಕಾಯಿ, ಸುವರ್ಣಗೆಡ್ಡೆಯಂಥ ಗಟ್ಟಿ ವಸ್ತುವಿಗೆ, ತೆಂಗಿನಕಾಯಿ ತುರಿಯುವುದಕ್ಕೆ ಇದಕ್ಕಿಂತ ಸುಖ ಬೇರಿಲ್ಲ. ಸೊಪ್ಪು, ಬೀನ್ಸ್ ಹೆಚ್ಚಲು ಗಂಟೆಗಟ್ಟಲೆ ಬೆನ್ನು ಬಗ್ಗಿಸಿ ಕೂರುವುದು ವ್ಯರ್ಥ. ಕಾಯಿ ತುರಿಯುವಾಗ ಮುಂಗೈ ಎರಡೂ ಸತತವಾಗಿ ಹೊರಳುತ್ತಿರುತ್ತವೆ. ಮದುವೆ ಮನೆಗೆ ಐವತ್ತು ಕಾಯಿ ತುರಿಯುವುದಿದ್ದರೆ ಒಬ್ಬರ ಪಾಲಿಗೆ ಬಿಡಬೇಡಿ.

ಕಂಪ್ಯೂಟರ್ ಮುಂದೆ ಕೂರುವವರಿಗೆ ಬೇಕಾದ ಮಾತು ಕಡಿಮೆ: ಮೇಜು ಮೊಣಕೈ ಮಟ್ಟದಲ್ಲಿರಲಿ, ಮೌಸ್ ಕೀಬೋರ್ಡಿಗೆ ಅಂಟಿಕೊಂಡಿರಲಿ. ಮೌಸಿಗಾಗಿ ಚಾಚಿದ ಕೈಯನ್ನು ದಿನವಿಡೀ ಭುಜ ಎತ್ತಿ ಹಿಡಿದಿರುತ್ತದೆ.

ಹೆಬ್ಬೆರಳಿನ ಬುಡ

ಹೆಬ್ಬೆರಳ ತುದಿಯಲ್ಲಿ ಒಂದು ಕಿಲೋ ಒತ್ತಿ ಹಿಡಿದರೆ ಅದರ ಬುಡದ ಕೀಲಿಗೆ ಬೀಳುವುದು ಸುಮಾರು ಹನ್ನೆರಡು ಕಿಲೋ. ಕೂನಿ ಮತ್ತು ಚಾವೊ 1977ರಲ್ಲಿ ಮಾಡಿದ ಲೆಕ್ಕ ಇದು. ರಂಗೋಲಿ ಪುಡಿ ಬಿಡುವ ಹಗುರ ಚಿಟಿಕೆಯಿಂದ ಏನೂ ಆಗದು. ಹಾಲಿನ ಪ್ಯಾಕೆಟ್ಟಿನ ಮೂಲೆ ಹರಿಯುವುದು, ಬಿಗಿದ ಬೀಗದಲ್ಲಿ ಕೀಲಿಕೈ ತಿರುಗಿಸುವುದು, ಭಾರದ ತಟ್ಟೆಯನ್ನು ಅಂಚಿನಲ್ಲಿ ಚಿವುಟಿ ಎತ್ತುವುದು, ದಿನವೆಲ್ಲ ಹೂ ಕಟ್ಟುವುದು, ಬೀಡಿ ಸುತ್ತುವುದು ಇವು ಲೆಕ್ಕಕ್ಕೆ ಬರುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ಈ ಕೀಲಿನ ಸವೆತ ಸಾಮಾನ್ಯ. ಕತ್ತರಿ ಬಳಸಿ, ಕೀಲಿಕೈಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ತಟ್ಟೆಯನ್ನು ಅಂಗೈ ಮೇಲೆ ಹೊರಿ.

ಬಾಣಂತಿಯರ ಮಣಿಕಟ್ಟಿನ ಹೆಬ್ಬೆರಳ ಕಡೆ ನೋವು ಬೇರೆಯದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವೇನ್ 1895ರಲ್ಲಿ ಇದನ್ನು ವಿವರಿಸಿದರು. ಮಗುವಿನ ಕಂಕುಳಿಗೆ ಕೈ ಕೊಟ್ಟು, ಹೆಬ್ಬೆರಳು ಅಗಲಿಸಿ, ಮಣಿಕಟ್ಟು ಕಿರುಬೆರಳ ಕಡೆ ಬಾಗಿಸಿ ದಿನಕ್ಕೆ ಹತ್ತಾರು ಸಲ ಎತ್ತುವುದರಿಂದ ಹೆಬ್ಬೆರಳ ರಜ್ಜುಗಳ ಹೊದಿಕೆ ಊದುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳ ಕಡೆ ಬಾಗಿಸಿದಾಗ ಚುರ್ರೆಂದರೆ ಇದೇ ಇರಬೇಕು. ಒಂದು ಅಂಗೈ ಕೂಸಿನ ಕುಂಡಿಯ ಕೆಳಗೆ, ಇನ್ನೊಂದು ಮುಂಗೈ ಬೆನ್ನಿನ ಕೆಳಗೆ ಕೊಟ್ಟು ಬಾಚಿ ಎತ್ತುವುದನ್ನು ಮನೆಯ ಹಿರಿಯರು ತೋರಿಸಿಕೊಡಲಿ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಕೈ ಕೊಡವಿದಾಗ ಹಗುರವಾಗುತ್ತಿದ್ದರೆ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಹೋಗುತ್ತಿರಬಹುದು. ಆ ಇಕ್ಕಟ್ಟಿನಲ್ಲಿ ಒಂದು ನರದ ಜೊತೆ ಒಂಬತ್ತು ರಜ್ಜುಗಳಿವೆ, ಮಣಿಕಟ್ಟು ಬಾಗಿದಷ್ಟೂ ಒತ್ತಡ ಏರುತ್ತದೆ. ಅಂಗೈ ಮಡಚಿ ತಲೆಯಡಿ ಇಟ್ಟು ಮಲಗುವ ಅಭ್ಯಾಸ ಬಿಡಬೇಕು. ಇದಕ್ಕೆ ರಾತ್ರಿ ಹೊತ್ತು ಮಣಿಕಟ್ಟು ನೇರ ಇಡುವ ಪಟ್ಟಿ ನಿಜಕ್ಕೂ ನೆರವಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಉಳಿದ ಬೆಲ್ಟುಗಳನ್ನು ಯಾರೂ ಹೇಳದೆ ತಿಂಗಳುಗಟ್ಟಲೆ ಹಗಲೂ ರಾತ್ರಿ ಕಟ್ಟಿಕೊಂಡರೆ ಸ್ನಾಯು ಸೊರಗುತ್ತದೆ.

ನೆಟಿಕೆ ಮುರಿದರೆ ಸಂಧಿವಾತ ಬರುತ್ತದೆ ಎಂಬ ಭಯ ಬೇಡ. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಐವತ್ತಕ್ಕೂ ಹೆಚ್ಚು ವರ್ಷ ಎಡಗೈಯ ನೆಟಿಕೆ ಮಾತ್ರ ಮುರಿದು, ಬಲಗೈಯನ್ನು ಬಿಟ್ಟು, ಕೊನೆಗೆ ಎರಡರಲ್ಲೂ ಸಂಧಿವಾತವಿಲ್ಲ ಎಂದು ವರದಿ ಮಾಡಿದರು. 2009ರಲ್ಲಿ ಅವರಿಗೆ ನಗೆಯ ನೊಬೆಲ್ ಎನಿಸಿದ ಇಗ್ ನೊಬೆಲ್ ಸಿಕ್ಕಿತು. ಮೊಮ್ಮಕ್ಕಳ ದೃಷ್ಟಿ ತೆಗೆದು ನೆಟಿಕೆ ಮುರಿಯುವ ಅಜ್ಜಿಯರು ನಿಶ್ಚಿಂತೆಯಿಂದ ಮುಂದುವರಿಸಬಹುದು.

ವೈದ್ಯರ ಬಳಿ ಹೋಗುವಾಗ

ಎಡಗೈಯೋ ಭುಜವೋ ನೋಯುತ್ತ ಎದೆ ಬಿಗಿದರೆ, ಬೆವರು, ಉಸಿರುಕಟ್ಟು ಜೊತೆಗಿದ್ದರೆ ಅದು ಕೀಲಿನ ವಿಚಾರವಲ್ಲ. ತಡಮಾಡದೆ 108ಕ್ಕೆ ಕರೆ ಮಾಡಿ. ಬಿದ್ದ ಮೇಲೆ ಕೈ ಏಳದಿದ್ದರೆ, ಆಕಾರ ಬದಲಾಗಿದ್ದರೆ, ಜ್ವರದೊಂದಿಗೆ ಕೀಲು ಊದಿ ಬಿಸಿಯಾಗಿದ್ದರೆ, ಹಿಡಿತ ದಿನೇ ದಿನೇ ಸೋಲುತ್ತಿದ್ದರೆ, ಜೋಮು ಕತ್ತಿನಿಂದ ಬೆರಳವರೆಗೆ ಹರಿಯುತ್ತಿದ್ದರೆ ಅಂದೇ ತೋರಿಸಿ. ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳ ಕೀಲುಗಳು ಒಂದು ಗಂಟೆ ಮೀರಿ ಬಿಗಿದಿರುವುದು ಕೆಲಸದ ದಣಿವಿನಿಂದಲ್ಲ, ಅದಕ್ಕೆ ರಕ್ತಪರೀಕ್ಷೆ ಬೇಕು. ಉಳಿದ ನೋವಿಗೆ ಎರಡು ಮೂರು ವಾರ ಕೆಲಸದ ಎತ್ತರ, ದೂರ, ಹಿಡಿತ ಬದಲಿಸಿ ನೋಡಬಹುದು.

ಹೋದಾಗ ಸುಮ್ಮನೆ ಕೈನೋವು ಎನ್ನಬೇಡಿ. ಯಾವ ಕೆಲಸದಲ್ಲಿ, ಕೈ ಯಾವ ಮಟ್ಟಕ್ಕೆ ಬಂದಾಗ, ಎಲ್ಲಿ ನೋಯುತ್ತದೆ, ಆ ಮಗ್ಗುಲಿಗೆ ಮಲಗಲಾಗುತ್ತದೆಯೇ, ಬೇರೆಯವರು ಎತ್ತಿದರೆ ಕೈ ಏಳುತ್ತದೆಯೇ ಎಂದು ಹೇಳಿ. ಅದಕ್ಕಿಂತ ಸುಲಭವಾದದ್ದು, ನೀವು ಆ ಕೆಲಸ ಮಾಡುವಾಗ ಮನೆಯವರಿಂದ ಅರ್ಧ ನಿಮಿಷದ ವಿಡಿಯೋ ತೆಗೆಸಿಕೊಂಡು ಹೋಗುವುದು. ಮುಖದ ಕಡೆಯಿಂದ ತೆಗೆದರೆ ಕೈ ಮಾತ್ರ ಕಾಣುತ್ತದೆ. ಹಲಗೆಮೂಳೆ ತಿರುಗುತ್ತಿದೆಯೋ ನಿಂತಿದೆಯೋ ಫಿಸಿಯೋಥೆರಪಿಸ್ಟ್‌ಗೆ ಗೊತ್ತಾಗಬೇಕಾದರೆ ತೆಳು ಬಟ್ಟೆ ತೊಟ್ಟು, ಬೆನ್ನ ಹಿಂದಿನಿಂದ ತೆಗೆಸಿ.